ತಡೆದದ್ದು: 6138

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಿಮ್ಮೇಶನ ಕೆಲಸ ಎಣಿಸುವುದು. ಕಚೇರಿಯ ಹಿಂದುಗಡೆ ಸಿಸ್ಟಮ್ ರೂಮು, ಅದರಲ್ಲೊಂದು ಕಬ್ಬಿಣದ ಬೀರು, ಬೀರುವಿನೊಳಗೆ ಒಂದು ನೀಲಿ ಪೆಟ್ಟಿಗೆ. ಹೊರಗಿನ ಇಂಟರ್‌ನೆಟ್ಟಿಗೂ ಕಾರ್ಖಾನೆಯ ಇನ್ನೂರು ಕಂಪ್ಯೂಟರುಗಳಿಗೂ ನಡುವೆ ಅದೊಂದೇ ಬಾಗಿಲು. ಗೇಟ್‌ವೇ ಅನ್ನುತ್ತಾರೆ. ಇಮೇಲಾಗಲಿ, ಡ್ರಾಯಿಂಗಾಗಲಿ, ವಿಡಿಯೊ ಆಗಲಿ ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಒಂದೊಂದು ತುಂಡೂ ಒಂದೊಂದು ಪ್ಯಾಕೆಟ್. ಪೆಟ್ಟಿಗೆಗೆ ನಲವತ್ತೊಂದು ನಿಯಮ ಹೇಳಿಕೊಟ್ಟಿದ್ದಾರೆ. ಎದುರಿಗೆ ಬಂದ ಪ್ರತಿ ಪ್ಯಾಕೆಟ್ಟನ್ನೂ ಅದು ಆ ನಿಯಮಗಳಿಗೆ ಹಿಡಿದು ನೋಡಿ, ಕೆಲವನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಯಾವ ನಿಯಮದಲ್ಲಿ ಎಷ್ಟು ಬಿಟ್ಟೆ, ಎಷ್ಟು ತಡೆದೆ ಅನ್ನುವ ಲೆಕ್ಕವನ್ನೂ ತಾನೇ ಇಟ್ಟುಕೊಳ್ಳುತ್ತದೆ.

ತಿಮ್ಮೇಶ ಮಾಡಬೇಕಾದದ್ದು ಇಷ್ಟೇ. ಬೆಳಿಗ್ಗೆ ಎಂಟೂವರೆಯೊಳಗೆ ಆ ಲೆಕ್ಕವನ್ನು ತೆರೆದು, ಹಿಂದಿನ ದಿನದ ಅಂಕಿಗಳನ್ನು ಕಂಪನಿಯ ಶೀಟಿಗೆ ಏರಿಸಬೇಕು. ಯಾವುದಾದರೂ ನಿಯಮದ ಅಂಕಿ ಇದ್ದಕ್ಕಿದ್ದಂತೆ ಏರಿದ್ದರೆ ತನ್ನ ಮೇಲಧಿಕಾರಿ ರಾಧಾಮಣಿ ಮೇಡಂಗೆ ಹೇಳಬೇಕು. ಆಮೇಲೆ ಎಣಿಕೆಯನ್ನು ಸೊನ್ನೆಗೆ ತಂದು ಹೊಸ ದಿನ ಶುರು ಮಾಡಬೇಕು. ಹತ್ತು ನಿಮಿಷದ ಕೆಲಸ. ಅದನ್ನು ಅವನು ಐದು ತಿಂಗಳಿಂದ ಮಾಡಿರಲಿಲ್ಲ.

ಶುರುವಾದದ್ದು ಕಂಪನಿ ಬಸ್ಸಿನಲ್ಲಿ. ಫೆಬ್ರವರಿಯಲ್ಲಿ ಬಿಡದಿಯಿಂದ ಒಂದಷ್ಟು ಹೊಸಬರನ್ನು ತೆಗೆದುಕೊಂಡರು. ಚನ್ನಪಟ್ಟಣದಿಂದ ಹೊರಟ ಬಸ್ಸು ಬಿಡದಿಯಲ್ಲಿ ಅವರಿಗೆಲ್ಲ ಕಾದು, ಬೈರಮಂಗಲದ ಮೇಲೆ ಬರುವಷ್ಟರಲ್ಲಿ ಹಾರೋಹಳ್ಳಿಯಲ್ಲಿ ಎಂಟೂಮುಕ್ಕಾಲು. ಎಂಟೂವರೆಗೆ ತುಂಬದ ಸಾಲು ಶೀಟಿನಲ್ಲಿ ಕೆಂಪಾಗುತ್ತದೆ, ಕೆಂಪಾದದ್ದು ತಾನಾಗಿಯೇ ದೊಡ್ಡ ಸಾಹೇಬರಿಗೆ ಹೋಗುತ್ತದೆ. ಶೀಟು ಮೊಬೈಲಿನಲ್ಲಿ ತೆರೆಯುತ್ತಿತ್ತು. ಗೇಟ್‌ವೇ ತೆರೆಯಬೇಕಾದರೆ ಕಾರ್ಖಾನೆಯ ಒಳಗೇ ಇರಬೇಕು. ಬಸ್ಸು ತಡ ಎಂದು ಮೇಡಂಗೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಬಸ್ಸಿನಲ್ಲೇ ಅಂದಾಜಿನ ಅಂಕಿ ಹಾಕಿ, ಹೋಗಿ ಸರಿಪಡಿಸಿದರಾಯಿತು ಅಂದುಕೊಂಡ. ಎರಡು ದಿನ ಸರಿಪಡಿಸಿದ. ಮೂರನೆಯ ದಿನ ಪ್ರಿಂಟರು ಕೆಟ್ಟಿತು, ನಾಲ್ಕನೆಯ ದಿನ ಮರೆತ, ಐದನೆಯ ದಿನ ಯಾರೂ ಕೇಳಲಿಲ್ಲ.

ಅಂದಾಜಿಗೂ ತಲೆ ಓಡಬೇಕಲ್ಲ. ಒಂದೇ ಅಂಕಿ ಎರಡು ಸಲ ಬಂದರೆ ಕಾಣಿಸಿಬಿಡುತ್ತದೆ. ಹಾಗಾಗಿ ಕಿಟಕಿಯಾಚೆ ಕಂಡದ್ದನ್ನು ಹಾಕತೊಡಗಿದ. ಮುಂದೆ ಹೋಗುವ ಟಿಪ್ಪರಿನ ನಂಬರು, ಕರೆಂಟು ಕಂಬದ ಮೇಲೆ ಬರೆದ ನಂಬರು, ಅವ್ವನ ಮೊಬೈಲಿನ ಕೊನೆಯ ನಾಲ್ಕಂಕಿ. ಮೊದಲ ಅಂಕಿ ಐದೋ ಆರೋ ಆಗಿರದಿದ್ದರೆ ಅದನ್ನು ಮಾತ್ರ ತಿದ್ದುತ್ತಿದ್ದ.

ಪಕ್ಕದಲ್ಲಿ ಇಸ್ರಾರ್ ಕೂತಿರುತ್ತಿದ್ದ. ಡಿಸ್ಪ್ಯಾಚಿನಲ್ಲಿ ಕಾಂಟ್ರಾಕ್ಟ್ ಕೆಲಸ, ಲಾರಿಗೆ ಏರುವ ಪೆಟ್ಟಿಗೆಗಳಿಗೆ ಚೀಟಿ ಹೊಡೆಯುವುದು. ಮನೆಯವರದು ರೇಷ್ಮೆ ನೂಲು ತೆಗೆಯುವ ಕಸುಬು. ಎಷ್ಟು ಒಗೆದರೂ ಅವನ ಅಂಗಿಗೆ ಬೇಯಿಸಿದ ಗೂಡಿನ ವಾಸನೆ. ರಾಮನಗರದ ಸ್ಟಾಪಿನ ಪಕ್ಕ ಹೊಂಗೆಮರದ ಕೆಳಗೆ ಸ್ಕೂಟರು ನಿಲ್ಲಿಸಿ ಬಸ್ಸು ಹತ್ತುತ್ತಿದ್ದ. ತಿಮ್ಮೇಶ ಚನ್ನಪಟ್ಟಣದಲ್ಲೇ ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಅವನಿಗೆ ಜಾಗ ಹಿಡಿದಿರುತ್ತಿದ್ದ. ಮೂರು ವರ್ಷದಿಂದ ಹಾಗೇ.

"ಏನ್ ಗೌಡ್ರೆ, ಮಟ್ಕಾ ನಂಬರಾ?" ಎಂದು ಮೊದಲ ಸಲ ನೋಡಿದಾಗ ಇಸ್ರಾರ್ ಕೇಳಿದ್ದ.

"ಡ್ಯೂಟಿ ಕಣ್ಲಾ. ನೆನ್ನೆ ಎಷ್ಟು ಪ್ಯಾಕೆಟ್ ತಡೀತು ಅಂತ ಬರೀಬೇಕು."

"ಅಲ್ಲಿ ತಡೆದದ್ದು ಇಲ್ಲಿ ಕೂತ್ಕಂಡೇ ಕಾಣ್ತದಾ? ದೇವ್ರು ಕಣ್ಲಾ ನೀನು. ಒಂದು ಗುಡಿ ಕಟ್ಟುಸ್ಬೇಕು ನಿಂಗೆ."

"ಯಾರೂ ನೋಡಕಿಲ್ಲ ಬುಡ್ಲಾ. ಕಾಲಂ ತುಂಬಿರ್ಬೇಕು, ಅಷ್ಟೆ."

ಜೂನ್ ಇಪ್ಪತ್ತರ ಬೆಳಿಗ್ಗೆ, ಹತ್ತೊಂಬತ್ತರ ಲೆಕ್ಕ ತುಂಬಬೇಕಿದ್ದಾಗ, ಕಿಟಕಿಯಾಚೆ ಹೊಸದೇನೂ ಕಾಣಲಿಲ್ಲ. "ಒಂದು ನಾಕಂಕಿ ಹೇಳ್ಲಾ" ಅಂದ ತಿಮ್ಮೇಶ. ಬಸ್ಸು ಇನ್ನೂ ರಾಮನಗರದ ಸ್ಟಾಪು ಬಿಟ್ಟಿರಲಿಲ್ಲ. ಇಸ್ರಾರ್ ಹೊಂಗೆಮರದ ಕಡೆ ಕೈ ತೋರಿಸಿ, "ನಮ್ ಗಾಡಿದೇ ಹಾಕು. ಅರವತ್ತೊಂದು ಮೂವತ್ತೆಂಟು. ತಗಂಡಾಗಿಂದ ಒಂದು ಸಲನೂ ಪಂಚರ್ ಆಗಿಲ್ಲ" ಅಂದ. ತಿಮ್ಮೇಶ ತಡೆದದ್ದಕ್ಕೆ 6138 ಎಂದು ಹಾಕಿ, ಬಿಟ್ಟದ್ದಕ್ಕೆ ಹಿಂದಿನ ದಿನದ ಅಂಕಿಯನ್ನೇ ಕೊಂಚ ತಿದ್ದಿ ಹಾಕಿ, ಪಕ್ಕದ ಕಾಲಂನಲ್ಲಿ 'ನಾರ್ಮಲ್' ಎಂದು ಬರೆದ. ಬೈರಮಂಗಲದ ಕೆರೆ ಬಂತು, ಎಲ್ಲರೂ ಕೊಳಚೆ ನೀರಿನ ವಾಸನೆಗೆ ಕಿಟಕಿ ಮುಚ್ಚಿಕೊಂಡರು.

ಜುಲೈ ಎರಡನೆಯ ವಾರ, ಶುಕ್ರವಾರ, ರಾಧಾಮಣಿ ಮೇಡಂ ಅವನನ್ನು ಮೀಟಿಂಗಿಗೆ ಕರೆಸಿದರು. ಅವರು ಕಂಪ್ಯೂಟರ್ ವಿಭಾಗಕ್ಕೆಲ್ಲ ಮೇಲಿನವರು, ಕನಕಪುರದವರು, ಕನ್ನಡಕವನ್ನು ಯಾವಾಗಲೂ ನೆತ್ತಿಯ ಮೇಲೆ ಏರಿಸಿಕೊಂಡಿರುತ್ತಿದ್ದರು. ಅವತ್ತು ಮೂಗಿನ ಮೇಲಿತ್ತು. ಪಕ್ಕದಲ್ಲಿ ಎಚ್‌ಆರ್‌ನ ಸ್ವಾಮಿ. ವಿಷಯ ಇದು: ಕಾರ್ಖಾನೆಗೆ ಗಿರಾಕಿಯೊಬ್ಬರು ನಂಬಿ ಕೊಟ್ಟಿದ್ದ ಡ್ರಾಯಿಂಗುಗಳು ಹೊರಗೆ ಬೇರೆ ಕಂಪನಿಯವರ ಕೈಯಲ್ಲಿ ಸಿಕ್ಕಿದ್ದವು. ಅವು ಇಲ್ಲಿಂದ ಹೋದದ್ದು ಜೂನ್ ಹತ್ತೊಂಬತ್ತಕ್ಕೆ ಎನ್ನುವುದೂ ಗೊತ್ತಾಗಿತ್ತು.

"ಎರಡೇ ದಾರಿ," ಅಂದರು ರಾಧಾಮಣಿ. "ಗೇಟ್‌ವೇ ಮೂಲಕ ಹೋಗಿರಬೇಕು, ಇಲ್ಲ ಯಾರೋ ಪೆನ್‌ಡ್ರೈವಲ್ಲಿ ತಗೊಂಡು ಹೋಗಿರಬೇಕು." ಮುಂದಿದ್ದ ಶೀಟಿನ ಪ್ರಿಂಟಿನ ಮೇಲೆ ಬೆರಳಿಟ್ಟರು. "ಹದಿನೆಂಟನೇ ತಾರೀಖು ತಡೆದದ್ದು 5870. ಹತ್ತೊಂಬತ್ತು, 6138. ಇಪ್ಪತ್ತು, 6021. ಬಿಟ್ಟಿದ್ದೂ ಎಂದಿನಷ್ಟೇ ಇದೆ. ಏನೂ ಏರುಪೇರಿಲ್ಲ. ತಿಮ್ಮೇಶ್, ಇದು ನೀವು ನೋಡಿ ಬರೆದದ್ದು ತಾನೆ?"

ಕೇಳಿದ್ದು ಅನುಮಾನದಿಂದಲ್ಲ. ಮೀಟಿಂಗಿನಲ್ಲಿ ಕೇಳುವ ಹಾಗೆ ಕೇಳಿದರು, ಅಷ್ಟೆ. ಉತ್ತರಕ್ಕೆ ಮೊದಲೇ ಸ್ವಾಮಿ ತಲೆಯಾಡಿಸುತ್ತಿದ್ದ.

"ಹೂಂ ಮೇಡಂ," ಅಂದ ತಿಮ್ಮೇಶ. "ನಾರ್ಮಲ್."

"ಅಲ್ಲಿಗೆ ಪೆನ್‌ಡ್ರೈವೇ," ಅಂದ ಸ್ವಾಮಿ. ಹತ್ತೊಂಬತ್ತನೇ ತಾರೀಖು ಇಡೀ ಕಾರ್ಖಾನೆಯಲ್ಲಿ ಒಂದೇ ಒಂದು ಪೆನ್‌ಡ್ರೈವ್ ಚುಚ್ಚಿದ ದಾಖಲೆಯಿತ್ತು. ಡಿಸ್ಪ್ಯಾಚಿನ ಕಂಪ್ಯೂಟರು, ಬೆಳಿಗ್ಗೆ ಹನ್ನೊಂದೂ ಹತ್ತು. ಇಸ್ರಾರ್ ತನ್ನ ತಂಗಿ ನಿಖಾತಳ ಕಾಲೇಜಿನ ಅರ್ಜಿ ಪ್ರಿಂಟ್ ತೆಗೆದಿದ್ದ. ಅದನ್ನು ತಿಮ್ಮೇಶನೇ ಬಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ಅರ್ಜಿಯ ಇಂಗ್ಲಿಷನ್ನು ತಿದ್ದಿಕೊಟ್ಟವನು ಅವನೇ. ಆ ಮಾತೂ ಬಾಯಿಗೆ ಬರಲಿಲ್ಲ. ಅರ್ಜಿಯ ಮಾತು ತೆಗೆದರೆ ಬಸ್ಸಿನ ಮಾತು ಬರುತ್ತದೆ, ಬಸ್ಸಿನ ಮಾತು ಬಂದರೆ ಶೀಟಿನ ಮಾತು ಬರುತ್ತದೆ ಎಂದು ಹೆದರಿದ.

ಮಧ್ಯಾಹ್ನದ ಊಟಕ್ಕೆ ಮೊದಲೇ ಇಸ್ರಾರನ ಗೇಟ್ ಪಾಸು ಕಿತ್ತುಕೊಂಡು ಮನೆಗೆ ಕಳಿಸಿದರು. ಸೋಮವಾರ ವಿಚಾರಣೆ. ಕಾಂಟ್ರಾಕ್ಟಿನವರನ್ನು ಕೈಬಿಡಲು ಹೆಚ್ಚು ಹೊತ್ತು ಬೇಡ. ಕೆಲಸವಾದರೆ ಇನ್ನೊಂದು ಹುಡುಕಿಕೊಳ್ಳಬಹುದು. ಡ್ರಾಯಿಂಗು ಕದ್ದವನು ಅನ್ನಿಸಿಕೊಂಡರೆ ಹಾರೋಹಳ್ಳಿಯ ಯಾವ ಗೇಟೂ ತೆರೆಯುವುದಿಲ್ಲ.

ಸಂಜೆ ನಾಲ್ಕೂವರೆಗೆ ತಿಮ್ಮೇಶ ಗೇಟ್‌ವೇ ತೆರೆದ. ತೊಂಬತ್ತು ದಿನಕ್ಕೂ ಹೆಚ್ಚು ಬಳಸಿಲ್ಲ, ಪಾಸ್‌ವರ್ಡ್ ಬದಲಿಸಿ ಎಂದಿತು. ಬದಲಿಸಿದ. ಲೆಕ್ಕದ ಪುಟ ಬಂತು. ಮೇಲುಗಡೆ ಸಣ್ಣ ಅಕ್ಷರದಲ್ಲಿ, ಎಣಿಕೆಯನ್ನು ಕೊನೆಯ ಸಲ ಸೊನ್ನೆ ಮಾಡಿದ ದಿನ: ಫೆಬ್ರವರಿ 11. ಅವನು ನೋಡದೆ ಬಿಟ್ಟ ಅಷ್ಟು ದಿನವೂ ಪೆಟ್ಟಿಗೆ ಎಣಿಸುತ್ತಲೇ ಇತ್ತು. ಎಣಿಸಿದ್ದನ್ನೆಲ್ಲ ಹಾಗೇ ಕೂಡಿಟ್ಟುಕೊಂಡಿತ್ತು.

ಇಪ್ಪತ್ಮೂರನೆಯ ನಿಯಮದ ಮುಂದೆ ಮೂವತ್ತೆಂಟು ಲಕ್ಷ ಇತ್ತು. ಅಲ್ಲಿ ಸೊನ್ನೆ ಇರಬೇಕಿತ್ತು. ಜನವರಿಯಲ್ಲಿ ಸಿಸಿ ಕ್ಯಾಮೆರಾ ಹಾಕಲು ಬಂದಿದ್ದವರು ತಮ್ಮ ಊರಿನಿಂದಲೇ ಕ್ಯಾಮೆರಾ ಸರಿಮಾಡಬೇಕೆಂದಾಗ, ಮೂರು ದಿನದ ಮಟ್ಟಿಗೆಂದು ಅವನೇ ತೆರೆದುಕೊಟ್ಟಿದ್ದ ಕಿಂಡಿ ಅದು. ಮುಚ್ಚಿರಲಿಲ್ಲ. ಅದರಲ್ಲಿ ಕೊನೆಯ ಪ್ಯಾಕೆಟ್ ಹಾದುಹೋದದ್ದು ಜೂನ್ ಹತ್ತೊಂಬತ್ತು, ಬೆಳಗಿನ ಐದೂ ಇಪ್ಪತ್ತು. ಆ ಹೊತ್ತಿಗೆ ಇಸ್ರಾರ್ ಮನೆಯಲ್ಲಿ ಗೂಡು ಬೇಯಿಸುವ ಒಲೆಗೆ ಸೌದೆ ಒಟ್ಟುತ್ತಿರುತ್ತಾನೆ.

ಈ ಒಂದು ಪುಟವನ್ನು ಮೇಡಂಗೆ ತೋರಿಸಿದರೆ ಇಸ್ರಾರ್ ಬಚಾವು. ಆದರೆ ಅದೇ ಪುಟದಲ್ಲಿ ಫೆಬ್ರವರಿ 11 ಕೂಡ ಇತ್ತು. ಇಪ್ಪತ್ಮೂರನ್ನು ತೋರಿಸಿ ಹನ್ನೊಂದನ್ನು ಮುಚ್ಚುವ ದಾರಿ ಇರಲಿಲ್ಲ. ಹತ್ತು ನಿಮಿಷ ಹುಡುಕಿದ, ಇರಲಿಲ್ಲ.

ಕಿಂಡಿಯನ್ನು ಮುಚ್ಚಿದ. ಆಮೇಲೆ ಎಣಿಕೆ ಸೊನ್ನೆ ಮಾಡುವ ಬಟನ್ ಒತ್ತಿದ. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದ. ನಲವತ್ತೊಂದು ಸಾಲುಗಳೂ ಒಟ್ಟಿಗೆ ಸೊನ್ನೆಯಾದವು. ಒಂದು ಕ್ಷಣವಾದ ಮೇಲೆ ಮೇಲಿನ ಸಾಲಿನಲ್ಲಿ 4 ಬಂತು, ಆಮೇಲೆ 9, ಆಮೇಲೆ 17. ಪೆಟ್ಟಿಗೆ ಮತ್ತೆ ಮೊದಲಿಂದ ಎಣಿಸತೊಡಗಿತ್ತು.

ಕ್ಯಾಂಟೀನಿಗೆ ಹೋಗಿ ಟೀ ತಗೊಂಡ. ಮೇಂಟೆನೆನ್ಸಿನ ಕುಮಾರ ಎದುರು ಕೂತು, "ನಿನ್ ದೋಸ್ತು ಸಿಕ್ಕಾಕಂಡ್ನಂತೆ? ಬುಡು, ಅವರ ಬುದ್ಧಿನೇ ಅಷ್ಟು" ಅಂದ. 'ಅವರ' ಅನ್ನುವುದನ್ನು ಒತ್ತಿ ಹೇಳಿದ. ತಿಮ್ಮೇಶ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಅದು ಮುರಿದು ಲೋಟದ ತಳಕ್ಕೆ ಹೋಯಿತು. ಅದನ್ನು ಚಮಚದಲ್ಲಿ ತೆಗೆಯುವುದೇ ದೊಡ್ಡ ಕೆಲಸ ಎನ್ನುವಂತೆ ತಲೆ ಬಗ್ಗಿಸಿಕೊಂಡಿದ್ದ.

ಶನಿವಾರ ಬೇಗ ಎದ್ದು ಸರ್ಕಾರಿ ಬಸ್ಸಿನಲ್ಲಿ ಎಂಟಕ್ಕೇ ಕಾರ್ಖಾನೆ ಮುಟ್ಟಿದ. ಐದು ತಿಂಗಳಲ್ಲಿ ಮೊದಲ ಸಲ ನಿಜವಾದ ಲೆಕ್ಕ ನೋಡಿದ. ಒಂದೇ ಸಂಜೆ-ರಾತ್ರಿಯಲ್ಲಿ ತಡೆದದ್ದು 9412. ಅದನ್ನು ಶೀಟಿಗೆ ಹಾಕಿ ನೋಡಿದರೆ, ಐದು ಆರು ಸಾವಿರದ ಸಾಲುಗಳ ಕೆಳಗೆ ಅದೊಂದೇ ಸುಳ್ಳಿನಂತೆ ಕಾಣುತ್ತಿತ್ತು. ಅಳಿಸಿ 5940 ಎಂದು ಹಾಕಿದ.

ಭಾನುವಾರ, ಚನ್ನಪಟ್ಟಣದ ಬದಿಯ ಅಕ್ಕೂರಿನ ಮನೆಯಲ್ಲಿ ಅಪ್ಪ ಮಾಯಣ್ಣನಿಗೆ ಮಂಡಿ ನೋವು. ಸಂಜೆ ಕುರಿಗಳು ಹೊಲದಿಂದ ಬರುವಾಗ ರೊಪ್ಪದ ಬಾಯಲ್ಲಿ ನಿಂತು ಎಣಿಸಿ ಒಳಗೆ ಹಾಕು ಎಂದು ಮಗನಿಗೆ ಹೇಳಿ, ತಾನು ಜಗಲಿಯ ಮೇಲೆ ಕೂತ. ಆ ಮನೆಯಲ್ಲಿ ಕುರಿ ಎಷ್ಟಿವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮಂದೆಗೆ ಕಣ್ಣಾಗುತ್ತದೆ. ಎಣಿಸಿದವನು 'ಸರಿಗೈತೆ' ಅನ್ನಬೇಕು, ಕೇಳಿದವನು ಅಷ್ಟಕ್ಕೆ ನಂಬಬೇಕು. ತಾತನ ಕಾಲದಿಂದ ಅದೇ ಲೆಕ್ಕ.

ತಿಮ್ಮೇಶ ತಡಿಕೆ ಸರಿಸಿ ನಿಂತ. ಕುರಿಗಳು ನುಗ್ಗಿದವು. ಹದಿನೆಂಟೋ ಇಪ್ಪತ್ತೋ ಆಗಿದ್ದಾಗ ರಸ್ತೆಯ ಕಡೆಯಿಂದ ಸ್ಕೂಟರಿನ ಸದ್ದು ಬಂತು. ತಿರುಗಿ ನೋಡಿದ. ಇಸ್ರಾರ್. ಹುಣಸೆಮರದ ಪಕ್ಕ ಗಾಡಿ ನಿಲ್ಲಿಸುತ್ತಿದ್ದ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಕುರಿಗಳೆಲ್ಲ ಒಳಗಿದ್ದವು.

"ಯೆಣಿಸ್ದೇನ್ಲಾ?" ಜಗಲಿಯಿಂದ ಅಪ್ಪ.

"ಊಂ ಕಣಪ್ಪ. ಸರಿಗೈತೆ."

ಅವ್ವ ದಾಸಮ್ಮ ಇಸ್ರಾರನಿಗೆ ಮಜ್ಜಿಗೆ ತಂದುಕೊಟ್ಟಳು. "ಯಾಕಪ್ಪ ಸೊರಗೋಗಿದೀಯ? ಕಂಪ್ನಿಲಿ ಊಟ ಸರಿಗಾಕಲ್ವಾ?" ಅಂದಳು. ಮಗ ಮನೆಯಲ್ಲಿ ಏನೂ ಹೇಳಿಲ್ಲ ಎನ್ನುವುದು ಇಸ್ರಾರನಿಗೆ ಅಲ್ಲೇ ತಿಳಿಯಿತು. "ಚೆನ್ನಾಗೇ ಹಾಕ್ತಾರೆ ಅಮ್ಮ, ತಿನ್ನೋಕೆ ಪುರುಸೊತ್ತಿಲ್ಲ" ಅಂದ.

ಅಷ್ಟರಲ್ಲಿ ಮಾಯಣ್ಣ ಕೋಲು ಊರಿ ಎದ್ದು ಬಂದ. ತಡಿಕೆ ತೆಗೆದು ಕುರಿಗಳನ್ನೆಲ್ಲ ಹೊರಗೆ ಅಟ್ಟಿದ. "ಒಸಿ ಇದ್ನ ಹಿಡ್ಕ ಮಗ" ಎಂದು ತಡಿಕೆಯನ್ನು ಇಸ್ರಾರನ ಕೈಗೆ ಕೊಟ್ಟ. ಇಸ್ರಾರ್ ಲೋಟ ಕೆಳಗಿಟ್ಟು, ಒಂದು ಸಲಕ್ಕೆ ಎರಡು ಕುರಿ ನುಸುಳುವಷ್ಟು ಸಂದು ಬಿಟ್ಟು ಹಿಡಿದ. ಮಾಯಣ್ಣ ಒಂದೊಂದರ ಬೆನ್ನನ್ನೂ ಅಂಗೈಯಿಂದ ಮುಟ್ಟಿ ಮುಟ್ಟಿ ಒಳಗೆ ಬಿಟ್ಟ. ಕಾಲು ಗಂಟೆ ಹಿಡಿಯಿತು. ತಿಮ್ಮೇಶ ಪಕ್ಕದಲ್ಲಿ ನಿಂತೇ ಇದ್ದ.

"ಸರಿಯಾಗೇ ಐತೆ," ಅಂದ ಮಾಯಣ್ಣ. "ಆದ್ರೂ ನೀನು ಯೆಣಿಸ್ನಿಲ್ಲ."

"ಸರಿಯಾಗೇ ಐತಲ್ಲಪ್ಪ, ಮತ್ತೇನು? ಯೆಣಿಸ್ನಿಲ್ಲ ಅಂತ ನಿಂಗೆಂಗೆ ಗೊತ್ತು?"

"ಕೈಯಿ ಜೇಬಲ್ಲಿತ್ತು," ಎಂದು ಹೇಳಿ ಮಾಯಣ್ಣ ಜಗಲಿಗೆ ಹೋದ.

ಇಸ್ರಾರ್ ನಗಲಿಲ್ಲ. ಬೇರೆ ದಿನವಾಗಿದ್ದರೆ ಒಂದು ವಾರಕ್ಕಾಗುವಷ್ಟು ನಗುತ್ತಿದ್ದ. ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ತಿಮ್ಮೇಶನ ಮುಂದೆ ಹಿಡಿದ. ವಿಚಾರಣೆಯ ನೋಟೀಸಿನ ಜೊತೆ ಕೊಟ್ಟಿದ್ದ ಶೀಟಿನ ಪ್ರಿಂಟು. ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ.

"ಓದು," ಅಂದ.

ತಿಮ್ಮೇಶ ಓದಲಿಲ್ಲ.

"ನನ್ ಗಾಡಿ ನಂಬರು ಕಣ್ಲಾ ಇದು. ನಾನೇ ಹೇಳಿದ್ದು. ಇದ್ನ ಇಟ್ಕಂಡು ನನ್ನೇ ಕಳ್ಳ ಅಂತಾವ್ರೆ. ಗೇಟ್‌ವೇ ಸರಿಗಿತ್ತಂತೆ, ಅದ್ಕೇ ನಾನೇ ತಗಂಡೋಗಿದೀನಂತೆ."

"ಅವರು ಕೇಳ್ದಾಗ..." ಅಂದ ತಿಮ್ಮೇಶ.

"ನಾನ್ ಹೇಳಿದ್ರೆ ತಪ್ಪಿಸ್ಕಳಕೆ ಕಥೆ ಕಟ್ತಾವ್ನೆ ಅಂತಾರೆ. ನೀನ್ ಹೇಳ್ಬೇಕು. ನಾಳೆ ಹತ್ತೂವರೆಗೆ ನನ್ನ ಕರೀತಾರೆ, ಅದ್ಕೆ ಮೊದ್ಲು." ಇಸ್ರಾರ್ ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಿಸಿದ. "ಶೀಟು ಹಾಳಾಗೋಗ್ಲಿ. ಮಿಷಿನ್ನು ತಾನೇ ಎಣಿಸ್ತದೆ ಅಂತ ನೀನೇ ಹೇಳಿದ್ದೆಯಲ್ಲ? ಅದ್ರಾಗೆ ನಿಜವಾದ ಲೆಕ್ಕ ಇರ್ತದಲ್ವಾ?"

"ಇರ್ತದೆ," ಅಂದ ತಿಮ್ಮೇಶ.

ಶುಕ್ರವಾರ ತಾನೇ ಅಳಿಸಿದ್ದನ್ನು ಇದೆ ಎಂದ. ಯಾಕೆ ಹಾಗೆ ಅಂದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಒಂದೇ ಕಾರಣ ಹೊಳೆಯುತ್ತಿತ್ತು. ಇಸ್ರಾರ್ ಅಲ್ಲಿಂದ ಬೇಗ ಹೋಗಲಿ ಅಂತ.

ಇಸ್ರಾರನ ಮುಖ ಸಡಿಲವಾಯಿತು. "ಹಂಗಿದ್ರೆ ಸರಿ ಬುಡು," ಅಂದ. ಉಳಿದಿದ್ದ ಮಜ್ಜಿಗೆ ಕುಡಿದು, ದಾಸಮ್ಮನಿಗೆ ಹೋಗಿಬತ್ತೀನಿ ಅಂದು, ಸ್ಕೂಟರು ಹತ್ತಿದ. ಹಿಂದಿನ ನಂಬರ್ ಪ್ಲೇಟು ಕೆಂಪು ಧೂಳಿನಲ್ಲಿ ರಸ್ತೆ ಸೇರುವವರೆಗೂ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಅಭ್ಯಾಸಬಲದಿಂದ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟಿದ್ದ. ರಾಮನಗರದಲ್ಲಿ ಹತ್ತಿದ ಪ್ಯಾಕಿಂಗಿನ ಕಾವೇರಮ್ಮ ಮೇಲಿನ ಸರಳು ಹಿಡಿದು ಒಂದಷ್ಟು ಹೊತ್ತು ನೋಡಿದಳು. "ಯಾರ್ ಬತ್ತಾರಪ್ಪ ಅಲ್ಲಿಗೆ? ಬರೋನ್ನ ಓಡ್ಸಾಯ್ತಲ್ಲ. ತಗಿ ಬ್ಯಾಗ."

ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೊಬೈಲಿನಲ್ಲಿ ಶೀಟು ತೆರೆದಿತ್ತು. ಎಂಟೂವರೆಯಾಯಿತು. ಸಾಲು ಕೆಂಪಾಯಿತು. ತುಂಬಲಿಲ್ಲ.

ಅದನ್ನು ಧೈರ್ಯ ಅನ್ನಲಾಗದು. ಇಸ್ರಾರ್ ಹೇಗೂ ಹತ್ತೂವರೆಗೆ ಹೇಳುತ್ತಾನೆ. ಅವನು ಹೇಳಿ ತಾನು ಸಿಕ್ಕಿಬೀಳುವುದಕ್ಕಿಂತ ತಾನೇ ಹೇಳುವುದು ಮೇಲು ಎನ್ನುವ ಲೆಕ್ಕಾಚಾರವೂ ಅದರಲ್ಲಿತ್ತು. ಬಸ್ಸು ಇಳಿದು ಮೇಡಂ ಕೋಣೆಯ ಬಾಗಿಲು ತಟ್ಟುವವರೆಗೂ ಧೈರ್ಯವೋ ಲೆಕ್ಕಾಚಾರವೋ, ಯಾವುದು ತನ್ನನ್ನು ಒಯ್ಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಶೀಟಿನ ಅಂಕಿಗಳು ಸುಳ್ಳು ಮೇಡಂ," ಅಂದ. "ಹತ್ತೊಂಬತ್ತನೇ ತಾರೀಖಿಂದು ಮಾತ್ರ ಅಲ್ಲ. ಫೆಬ್ರವರಿಯಿಂದ."

ರಾಧಾಮಣಿ ಕನ್ನಡಕ ಕೆಳಗಿಳಿಸಿದರು. ಅವನು ಎಲ್ಲವನ್ನೂ ಹೇಳಿದ. ಬಸ್ಸು, ಕಿಟಕಿ, ಇಪ್ಪತ್ಮೂರನೆಯ ನಿಯಮ, ಬೆಳಗಿನ ಐದೂ ಇಪ್ಪತ್ತು.

"ಗೇಟ್‌ವೇ ತೆಗೀರಿ, ನೋಡೋಣ."

"ಅಳಿಸಿದೀನಿ ಮೇಡಂ."

"ಯಾವಾಗ?"

"ಶುಕ್ರವಾರ. ಮೀಟಿಂಗ್ ಆದ್ಮೇಲೆ."

ಅವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ತಾವೇ ಗೇಟ್‌ವೇ ತೆರೆದು, ಯಾರು ಯಾವಾಗ ಏನು ಬದಲಿಸಿದರು ಎಂಬ ಪಟ್ಟಿಗೆ ಹೋದರು. ಲೆಕ್ಕ ಹೋಗಿತ್ತು, ಅಳಿಸಿದ್ದರ ಗುರುತು ಹೋಗಿರಲಿಲ್ಲ. ಶುಕ್ರವಾರ 4:49, ಇಪ್ಪತ್ಮೂರನೆಯ ನಿಯಮ ಮುಚ್ಚಲಾಗಿದೆ. 4:52, ಎಣಿಕೆ ಸೊನ್ನೆ ಮಾಡಲಾಗಿದೆ. ಎರಡರ ಮುಂದೆಯೂ ಅವನ ಹೆಸರು.

"ಇದ್ರಿಂದ ನೀವು ಏನೋ ಅಳಿಸಿದ್ದು ಗೊತ್ತಾಗುತ್ತೆ," ಅಂದರು. "ಹತ್ತೊಂಬತ್ತರ ಅಂಕಿ ಸುಳ್ಳು ಅಂತ ಹೆಂಗೆ ಗೊತ್ತಾಗುತ್ತೆ? ಸ್ನೇಹಿತನ್ನ ಉಳಿಸೋಕೆ ಹೇಳ್ತಿದೀರಿ ಅಂತಾರೆ ಸ್ವಾಮಿ."

"ಸ್ಕೂಟರ್ ಸ್ಟ್ಯಾಂಡಿಗೆ ಬನ್ನಿ ಮೇಡಂ," ಅಂದ ತಿಮ್ಮೇಶ.

ವಿಚಾರಣೆಗೆ ಕರೆದವರನ್ನು ಕಂಪನಿ ಬಸ್ಸು ಹತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ಇಸ್ರಾರ್ ರಾಮನಗರದಿಂದ ಸ್ಕೂಟರಿನಲ್ಲೇ ಬಂದು, ಗಾಡಿಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ರಾಧಾಮಣಿ ಶೀಟಿನ ಪ್ರಿಂಟು ಹಿಡಿದು ಸ್ಕೂಟರಿನ ಹಿಂದೆ ಬಗ್ಗಿದರು. ಪ್ಲೇಟಿಗೆ ಧೂಳು ಮೆತ್ತಿತ್ತು. ಸೆರಗಿನ ತುದಿಯಿಂದ ಒರೆಸಿದರು. ಕೆಎ 42, ಎರಡಕ್ಷರ, ಆಮೇಲೆ 6138. ಕಾಗದ ನೋಡಿದರು, ಪ್ಲೇಟು ನೋಡಿದರು.

"ಗಾಡಿ ತಗೀಬೇಕಾ ಮೇಡಂ?" ಸೆಕ್ಯೂರಿಟಿಯವನು ಓಡಿಬಂದ. "ಇಲ್ಲಿ ನಿಲ್ಲುಸ್ಬೇಡ ಅಂತ ಆಗ್ಲೇ ಬಡ್ಕಂಡೆ ಇವನಿಗೆ."

"ಇರಲಿ," ಅಂದರು ರಾಧಾಮಣಿ. ಆಮೇಲೆ ತಿಮ್ಮೇಶನಿಗಷ್ಟೇ ಕೇಳುವಂತೆ, "ಈ ಶೀಟಿಗೆ ತಿಂಗಳಾ ತಿಂಗಳಾ ನಾನು ಸೈನ್ ಹಾಕಿದೀನಿ" ಅಂದರು. ಅವರ ಮುಖ ನೋಡಲಾಗದೆ ಅವನು ಸ್ಕೂಟರಿನ ಚಕ್ರ ನೋಡಿದ. ಟೈರು ಸವೆದಿತ್ತು.

ಕೋಣೆಗೆ ವಾಪಸು ಬಂದ ಮೇಲೆ ಐದು ತಿಂಗಳ ಶೀಟನ್ನು ಪೂರ್ತಿ ಪ್ರಿಂಟು ತೆಗೆಸಿ ಅವನ ಮುಂದಿಟ್ಟರು. ನೂರ ಇಪ್ಪತ್ತೇಳು ಸಾಲು. "ಪ್ರತಿ ಅಂಕಿ ಮುಂದೆ ಅದು ಎಲ್ಲಿಂದ ಬಂತು ಬರೀರಿ. ಕೈಯಲ್ಲಿ. ನೆನಪಿಲ್ಲದಿದ್ರೆ ಇಲ್ಲ ಅಂತ ಬರೀರಿ. ಮುಗಿಯೋವರೆಗೂ ಎದ್ದು ಹೋಗಬೇಡಿ. ಆಮೇಲೆ ನಿಮ್ಮ ವಿಷಯ ಮೇಲಿನವರು ನೋಡ್ಕೋತಾರೆ."

ಸಿಸ್ಟಮ್ ರೂಮಿನ ಸ್ಟೂಲಿನ ಮೇಲೆ ಕೂತು ಬರೆಯತೊಡಗಿದ. ಟಿಪ್ಪರು. ಕರೆಂಟು ಕಂಬ. ಅವ್ವನ ಮೊಬೈಲು. ಬಿಡದಿಯ ಲಾಡ್ಜಿನ ಬೋರ್ಡಿನಲ್ಲಿದ್ದ ಫೋನು. ಕುರಿಗೆ ಜಂತುಹುಳದ ಔಷಧಿ ಬಾಟಲಿಯ ಮೇಲಿನ ನಂಬರು. ಡಿಪ್ಲೊಮಾದ ರಿಜಿಸ್ಟರ್ ನಂಬರು. ಅದರ ಬೇರೆ ಬೇರೆ ನಾಲ್ಕಂಕಿಗಳನ್ನು ಅವನು ಮೂರು ಸಲ ಬಳಸಿದ್ದ. 'ನೆನಪಿಲ್ಲ' ಎಂದು ಬರೆಯುವುದು ಸುಲಭವಾಗಿತ್ತು, ನೆನಪಿದ್ದವೇ ಕಷ್ಟ. ಎಷ್ಟೊಂದು ನೆನಪಿದ್ದವು ಎಂದು ಅವನಿಗೇ ಆಶ್ಚರ್ಯವಾಯಿತು. ಗೇಟ್‌ವೇ ನೋಡಲು ಹತ್ತು ನಿಮಿಷ ಸಾಕಿತ್ತು. ಇವನ್ನು ಹುಡುಕಲು ಬಿಡದಿಯಿಂದ ಬೈರಮಂಗಲದವರೆಗೂ ತಲೆ ಕೆಡಿಸಿಕೊಳ್ಳುತ್ತಿದ್ದ. ಜೂನ್ ಹತ್ತೊಂಬತ್ತರ ಸಾಲನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದ.

ಮೂರು ಗಂಟೆಗೆ ಬಾಗಿಲಲ್ಲಿ ಇಸ್ರಾರ್ ಬಂದು ನಿಂತ. ಕೊರಳಲ್ಲಿ ಗೇಟ್ ಪಾಸಿತ್ತು. ಮುಖದಲ್ಲಿ ಬಿಡುಗಡೆಯಾದವನ ಗೆಲುವಿತ್ತು.

"ವಾಪಸ್ ಕೊಟ್ರು ಕಣ್ಲಾ ಗೌಡ್ರೆ. ನಾಳೆಯಿಂದ ಬಾ ಅಂದ್ರು. ಸ್ವಾಮಿ ಸಾರ್ ಕೈ ಬೇರೆ ಕುಲುಕುದ್ರು, ನಗು ತಡ್ಕಳಕಾಗ್ನಿಲ್ಲ." ಬೀರುವಿನ ಕಡೆ ಗಲ್ಲ ಎತ್ತಿ ತೋರಿಸಿದ. "ಏನಂತು ನಿನ್ ಪೆಟ್ಟಿಗೆ? ಮಿಷಿನ್ನಿನ ಲೆಕ್ಕ ನೋಡಿ ಮೇಡಂ ಏನಂದ್ರು?"

ಹೂಂ ಅಂದುಬಿಡಬಹುದಿತ್ತು. ಎಲ್ಲವೂ ಸರಿಹೋಗಿತ್ತು, ಹೂಂ ಅಂದಿದ್ದರೆ ನಾಳೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದ.

"ಲೆಕ್ಕ ಇರ್ನಿಲ್ಲ," ಅಂದ ತಿಮ್ಮೇಶ. "ನಿನ್ ಗಾಡಿ ನಂಬರ್ ನೋಡಿ ನಂಬಿದ್ರು."

"ಇರ್ತದೆ ಅಂದಿದ್ದೆ?"

"ಅಳಿಸ್ಬುಟ್ಟಿದ್ದೆ. ಶುಕ್ರವಾರ."

ಇಸ್ರಾರ್ ಕೊರಳಿನ ಪಾಸನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ನಿಂತ. ಶುಕ್ರವಾರ, ಶನಿವಾರ, ಭಾನುವಾರ ಎಂದು ಒಳಗೇ ಎಣಿಸುತ್ತಿರುವುದು ಕಾಣುತ್ತಿತ್ತು.

"ನಾನು ನಿಮ್ಮೂರಿಗೆ ಬಂದಿದ್ದು ಭಾನ್ವಾರ."

"ಹೂಂ."

"ಅವತ್ತು ನಿಂಗೆ ಗೊತ್ತಿತ್ತು."

ತಿಮ್ಮೇಶ ಪೆನ್ನಿಗೆ ಮುಚ್ಚಳ ಹಾಕಿದ.

"ನಿಮ್ಮಪ್ಪನ ಕುರಿ ಎಣಿಸಕೆ ನಾನು ತಡಿಕೆ ಹಿಡ್ಕಂಡೆ," ಅಂದ ಇಸ್ರಾರ್. ದನಿ ಏರಲಿಲ್ಲ. ಪಾಸನ್ನು ಅಂಗಿಯೊಳಗೆ ಸೇರಿಸಿದ. "ಆಯ್ತು ಸಾರ್," ಎಂದು ಹೇಳಿ ಹೊರಟುಹೋದ.

ಮೂರು ವರ್ಷದಲ್ಲಿ ಕುರಿ, ಗೌಡ, ದೇವರು ಎಂದೆಲ್ಲ ಕರೆದಿದ್ದವನು ಸಾರ್ ಎಂದದ್ದು ಅದೇ ಮೊದಲು. ಕಚೇರಿಯ ಎಲ್ಲರಿಗೂ ಹೇಳುವ ಹಾಗೆ ಹೇಳಿದ್ದ. ಹೊರಗೆ ಸ್ಕೂಟರಿನ ಕಿಕ್ಕರ್ ಒದ್ದ ಸದ್ದಾಯಿತು, ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಹತ್ತಿಕೊಂಡಿತು.

ಸಂಜೆ ಐದಕ್ಕೆ ಉಳಿದದ್ದು ಒಂದೇ ಸಾಲು. ಜೂನ್ 19, ತಡೆದದ್ದು 6138, ನಾರ್ಮಲ್. ಅದರ ಮುಂದೆ 'ಇಸ್ರಾರನ ಸ್ಕೂಟರಿನ ನಂಬರು, ಅವನೇ ಹೇಳಿದ್ದು' ಎಂದು ಬರೆದ. ಬರೆದದ್ದನ್ನು ಓದಿದ. ಸ್ವಾಮಿಯಂಥವರು ಓದಿದರೆ, ಇಸ್ರಾರನೂ ಸುಳ್ಳಿನಲ್ಲಿ ಪಾಲುದಾರ ಎಂದು ಮತ್ತೆ ಪಾಸು ಕಿತ್ತುಕೊಳ್ಳಲು ಆ ಎರಡು ಪದ ಸಾಕು. 'ಅವನೇ ಹೇಳಿದ್ದು' ಎಂಬುದನ್ನು ಕಾಣದಂತೆ ಪೂರ್ತಿ ಹೊಡೆದುಹಾಕಿ, ಪಕ್ಕದಲ್ಲಿ 'ನಾನು ಕಿಟಕಿಯಿಂದ ನೋಡಿ ಬರೆದದ್ದು' ಎಂದು ಬರೆದ.

ಅದೂ ಸುಳ್ಳೇ. ಅದನ್ನು ಹಾಗೇ ಬಿಟ್ಟು, ಕಾಗದಗಳನ್ನು ಜೋಡಿಸಿ, ಕೆಳಗೆ ಸಹಿ ಹಾಕಿ, ಮೇಡಂ ಕೋಣೆಗೆ ಒಯ್ದ.